ಸೊನ್ನೆಗೆ ಗೀಟು ಎಳೆಯುವ ಮೊದಲು

ಫಲಜ್ ಅಲ್ ಖಬಾಯಿಲ್‌ನಲ್ಲಿ, ಟಯರ್ ಅಂಗಡಿಯ ಮೇಲೆ
ನನ್ನ ಟ್ಯೂಷನ್ ಕೋಣೆ.
ಶುಕ್ರವಾರ ಸಂಜೆ ಹನ್ನೊಂದನೆಯ ಕ್ಲಾಸಿನ ಐವರು,
ಒಂದು ಬಿಳಿ ಹಲಗೆ, ಕೆಮ್ಮುವ ಏಸಿ,
ಕೆಳಗೆ ನಟ್ಟು ಬಿಚ್ಚುವ ಗನ್ನಿನ ಕಟಕಟ.

ಅವತ್ತು ಹಲಗೆಯ ಮೇಲೆ ಹಳೆಯ ಲೆಕ್ಕ:
ಸಿಗ್ನಲಿನಲ್ಲಿ ಕಾರು ನಿಂತಿದೆ. ಹಸಿರು ಬಿತ್ತು.
ಅದು ಹೊರಡುವ ಕ್ಷಣಕ್ಕೇ ಪಕ್ಕದಲ್ಲಿ ಟ್ರಕ್ಕೊಂದು ದಾಟಿತು,
ಸೆಕೆಂಡಿಗೆ ಇಪ್ಪತ್ತು ಮೀಟರ್, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.
ಕಾರಿನ ವೇಗೋತ್ಕರ್ಷ ಎರಡು.
ಯಾವಾಗ ಹಿಂದಿಕ್ಕುತ್ತದೆ? ಎಲ್ಲಿ?

ಬಾಗಿಲಲ್ಲಿ ಅಬೂಸಾಲಿ.
ತಂಗಿಯ ಮಗನನ್ನು ಕರೆದೊಯ್ಯಲು ಅರ್ಧ ಗಂಟೆ ಮೊದಲೇ ಬಂದವರು
ಚಪ್ಪಲಿ ಹೊರಗೆ ಬಿಟ್ಟು, ಒಳಗೂ ಬಾರದೆ,
ಚೌಕಟ್ಟಿಗೆ ಒರಗಿ ಹಲಗೆ ಓದುತ್ತಿದ್ದರು.
ಅಂಗಿಯ ಹೊಲಿಗೆಯಲ್ಲೆಲ್ಲ ಕಲ್ಲುಹುಡಿ.
ಕ್ವಾರಿಯಿಂದ ಬಂದರಿಗೆ, ಬಂದರಿನಿಂದ ಕ್ವಾರಿಗೆ,
ದಿನಕ್ಕೆ ಐದು ಟ್ರಿಪ್ಪು, ಹದಿನಾರು ವರ್ಷ.

"ಟೀಚರೇ, ಟ್ರಕ್ಕಲ್ಲಿ ಲೋಡು ಉಂಟಾ, ಖಾಲಿಯಾ?"

ಮಕ್ಕಳು ನಕ್ಕರು. ಶಮ್ಮಾಸ್ ಮಾತ್ರ ಮಾಮನ ಕಡೆ ನೋಡದೆ
ಕಂಪಾಸಿನ ಮುಳ್ಳಿನಿಂದ ರಬ್ಬರಿಗೆ ತೂತು ಕೊರೆದ.
"ಲೆಕ್ಕಕ್ಕೆ ಅದು ಬೇಡ" ಅಂದೆ.
"ಉದ್ದ ಎಷ್ಟು?"
"ಉದ್ದ ಇಲ್ಲ. ಬರೀ ಒಂದು ಚುಕ್ಕೆ."
"ಚುಕ್ಕೆ" ಅಂದರು, ಬಾಯಲ್ಲಿಟ್ಟು ರುಚಿ ನೋಡಿದ ಹಾಗೆ.
"ನನ್ನದು ಹದಿನೆಂಟು ಮೀಟರ್."

ಬಿಡಿಸಿದೆವು. ಒಂದು ಕಡೆ ಇಪ್ಪತ್ತು ಟಿ,
ಇನ್ನೊಂದು ಕಡೆ ಟಿ ವರ್ಗ.
ಟಿ ಸಮ ಸೊನ್ನೆ: ಗೀಟು ಎಳೆದೆ.
ಟಿ ಸಮ ಇಪ್ಪತ್ತು: ಚೌಕ ಹಾಕಿದೆ.
ನಾನೂರು ಮೀಟರ್. ಆಗ ಕಾರಿನ ವೇಗ ನಲವತ್ತು,
ಟ್ರಕ್ಕಿನ ಸರೀ ಎರಡರಷ್ಟು.
ವೇಗೋತ್ಕರ್ಷ ಎಷ್ಟೇ ಇರಲಿ, ನಿಂತಲ್ಲಿಂದ ಹೊರಟದ್ದು
ಮುಟ್ಟುವ ಹೊತ್ತಿಗೆ ಯಾವಾಗಲೂ ಎರಡರಷ್ಟು;
ಪ್ರತಿ ವರ್ಷ ಇದನ್ನು ಹೇಳುವಾಗ ನನಗೊಂದು ಸಣ್ಣ ಖುಷಿ.

ಅಬೂಸಾಲಿ ಬೆರಳು ಮಡಚಿ ಗುಣಿಸಿದರು.
"ಗಂಟೆಗೆ ನೂರ ನಲವತ್ತನಾಲ್ಕು.
ಇಲ್ಲಿ ಇರುವುದು ನೂರಿಪ್ಪತ್ತು. ರಾಡಾರ್ ಫಳ್ಳನೆ ಹೊಡೀತದೆ.
ಉತ್ತರ ಸರಿಯೇ ಇರಬಹುದು ಟೀಚರೇ,
ದಂಡ ಯಾರು ಕಟ್ಟುವುದು?"

ಈ ಸಲ ನಾನೂ ನಕ್ಕೆ.

"ಮತ್ತೆ ಅದು ಚುಕ್ಕೆಯ ಹಾಗೆ ದಾಟುವುದಿಲ್ಲ.
ಅದರ ಮೂತಿ ನನ್ನ ಬಾಲಕ್ಕೆ ಬಂದಲ್ಲಿಂದ
ಅದರ ಬಾಲ ನನ್ನ ಮೂತಿ ಬಿಡುವವರೆಗೆ ಹೊತ್ತು ಬೇಡವಾ?"
ಹದಿನೆಂಟು, ಕಾರಿನದು ನಾಲ್ಕು, ಒಟ್ಟು ಇಪ್ಪತ್ತೆರಡು.
ಒಂದು ಸೆಕೆಂಡು ಚಿಲ್ಲರೆ, ಅಂದೆ.
"ಹಾಂ, ಅಷ್ಟೇ. ಅಷ್ಟು ಹೊತ್ತು ನಾವು ಜೊತೆಗೆ ಇರ್ತೇವೆ.
ಹಿಂದಿನ ಸೀಟಿನ ಮಗು ಮೇಲೆ ನೋಡ್ತದೆ.
ಕೆಲವು ಸಲ ಕೈ ಬೀಸ್ತದೆ.
ನಾನು ಕೈ ಎತ್ತುವಾಗ ಕಾರು ಹೋಗಿ ಆಗಿರ್ತದೆ."

ಡಸ್ಟರ್ ಎತ್ತಿಕೊಂಡೆ.
"ಆ ಸೊನ್ನೆಗೆ ಯಾಕೆ ಗೀಟು?"
"ಅದು ಸುರುವಿನದು. ಲೆಕ್ಕಕ್ಕಿಲ್ಲ. ಕಾರು ನಿಂತಿತ್ತು, ಟ್ರಕ್ಕು..."
"ದಾಟಿತು" ಅಂದರು.
ಕೆಳಗೆ ಗನ್ನು ನಿಂತಿತು.
"ಅಂದರೆ ಮೊದಲು ಓವರ್‌ಟೇಕ್ ಮಾಡಿದ್ದು ನಾನು."

ಹನ್ನೆರಡು ವರ್ಷ ಈ ಲೆಕ್ಕ ಮಾಡಿಸಿದ್ದೇನೆ.
ಶಮ್ಮಾಸ್ ತೂತಿನ ರಬ್ಬರಿನಿಂದ ಗೀಟನ್ನು ಮಾತ್ರ
ಉಜ್ಜಲು ನೋಡಿದ. ಸೊನ್ನೆಯೂ ಹೋಯಿತು.
ಊದಿ, ಕಾಗದ ಸವರಿ,
ಮತ್ತೆ ಬರೆದ, ಮೊದಲಿಗಿಂತ ದೊಡ್ಡದಾಗಿ.

ರಾತ್ರಿ ಸೊಹಾರಿಗೆ ಮರಳುವಾಗ ಮುಂದೆ ಒಂದು ಟ್ರೈಲರ್,
ಟಾರ್ಪಾಲಿನ ಮೂಲೆ ಪಟಪಟ.
ಎಂಬತ್ತರಲ್ಲಿ ಸ್ವಲ್ಪ ದೂರ ಹಿಂದೆಯೇ ಇದ್ದೆ.
ಆಮೇಲೆ ಇಂಡಿಕೇಟರ್ ಹಾಕಿ ಹೊರಬಂದೆ,
ಪಕ್ಕಕ್ಕೆ ಬಂದಾಗ ಮೇಲೆ ನೋಡಿದೆ:
ಹೆಗಲಿಗೆ ಶಾಲು ಹಾಕಿದ ಯಾರೋ ಪಠಾಣ,
ಕಣ್ಣು ರಸ್ತೆಯ ಮೇಲೆ. ನೋಡಲಿಲ್ಲ.
ಬಾಯೊಳಗೇ ಎಣಿಸಿದೆ. ನನ್ನ ವೇಗಕ್ಕೆ ನಾಲ್ಕು ಸೆಕೆಂಡಾಯಿತು.

ಎಡಕ್ಕೆ ತಿರುಗುವ ಸಿಗ್ನಲಿನಲ್ಲಿ ಕೆಂಪು. ನಿಂತೆ.
ನೇರ ಹೋಗುವವರಿಗೆ ಹಸಿರಿತ್ತು.
ಕಿಟಕಿಯ ಗಾಜು ನಡುಗಿತು,
ಅವನು ದಾಟಿದ.